ಜೇನಿನ ಹದದ ನೀರು

ಜನವರಿ 6, ಸೋಮವಾರ

ಊಟದ ಹೊತ್ತಿನಲ್ಲಿ ನಾನು ತಮಾಷೆ ಮಾಡಬಾರದು ಅಂತ ಇವತ್ತು ಆಸ್ಪತ್ರೆಯಿಂದಲೇ ಆರ್ಡರ್ ಆಯಿತು. ಬರೀ ಬಾಯಿಮಾತಲ್ಲ, ಚೀಟಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟಿದ್ದಾರೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಮದುವೆಯಾದಾಗಿನಿಂದ ಅವಳು ಹೇಳುತ್ತಾ ಬಂದದ್ದೂ ಅದನ್ನೇ. ಈಗ ಡಾಕ್ಟರ ಸೀಲು ಬಿದ್ದಿದೆ, ಅಷ್ಟೆ.

ಹೋದ ತಿಂಗಳು ಮಾವನಿಗೆ, ಅಂದರೆ ಹೆಂಡತಿಯ ಅಪ್ಪನಿಗೆ, ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು, ಜೊತೆಗೆ ಗಂಟಲೂ ಕೆಟ್ಟಿತು. ನಾವು ನುಂಗುವಾಗ ಉಸಿರಿನ ದಾರಿಗೆ ಒಂದು ಮುಚ್ಚಳ ಬೀಳುತ್ತದಂತೆ. ಮಾವನದು ತಡವಾಗಿ ಬೀಳುತ್ತದೆ. ಅಷ್ಟರಲ್ಲಿ ನೀರು ಓಡಿಹೋಗಿ ಶ್ವಾಸಕೋಶ ಸೇರಿಬಿಡುತ್ತದೆ. ಮುಚ್ಚಳವನ್ನು ಬೇಗ ಬೀಳಿಸುವುದು ಸದ್ಯಕ್ಕೆ ಆಗದ ಮಾತು. ಅದಕ್ಕೆ ನೀರನ್ನೇ ನಿಧಾನ ಮಾಡಬೇಕು. ಗಟ್ಟಿ ಮಾಡುವ ಪುಡಿ ಒಂದು ಡಬ್ಬಿ ಕೊಟ್ಟಿದ್ದಾರೆ, ಒಳಗೆ ಅಳತೆಯ ಚಮಚವೂ ಇದೆ.

ನುಂಗುವುದನ್ನು ಕಲಿಸುವುದಕ್ಕೇ ಅಲ್ಲಿ ಒಬ್ಬ ಮೇಡಂ ಇದ್ದಾರೆ. ಅಂಥದ್ದೊಂದು ಕೆಲಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಅವರಿಗೆ ನುಂಗುಮೇಡಂ ಅಂತ ಹೆಸರಿಟ್ಟಿದ್ದೇನೆ.

"ಚಮಚದಿಂದ ಜೇನು ಬೀಳೋ ಹಾಗೆ ಬೀಳ್ಬೇಕು ನೋಡಿ," ಅಂದರು. "ತೆಳ್ಳಗಾದ್ರೆ ಕೆಮ್ಮು, ಜ್ವರ. ಬಾಯಲ್ಲಿ ಏನಾದ್ರೂ ಇದ್ದಾಗ ಮಾತಾಡಿಸ್ಬೇಡಿ. ನಗಿಸ್ಲೇಬೇಡಿ. ನಕ್ರೆ ಉಸಿರು ಎಳ್ಕೋತಾರೆ, ಅದರ ಜೊತೆ ತುತ್ತೂ ಒಳಗೆ ಹೋಗುತ್ತೆ."

"ಆ ಚಿಂತೆ ಬಿಡಿ ಮೇಡಂ. ಮದುವೆ ದಿನದಿಂದ ನಗಿಸೋಕೆ ನೋಡ್ತಿದೀನಿ. ಇವರಿಗೆ ಹಲ್ಲಿದೆಯೋ ಇಲ್ವೋ ಅನ್ನೋದೇ ನನಗಿನ್ನೂ ಗೊತ್ತಿಲ್ಲ."

ನುಂಗುಮೇಡಂ ನಕ್ಕರು. ಹೆಂಡತಿ ನಗಲಿಲ್ಲ. ಮಾವ ಎಡಗೈಯ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು. ಅಂದರೆ ಸಾಕು, ಬೇಡ, ನಿಲ್ಲಿಸು. ಕಟಿಂಗ್ ಶಾಪಿನಲ್ಲಿ ಜೀವಮಾನ ಕಳೆದವರು. ಮಾತು ಹೋದ ಮೇಲೂ ಕತ್ತರಿ ಉಳಿದಿದೆ.

ತಿಂಗಳ ಕೊನೆಗೆ ಮತ್ತೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಅಷ್ಟರಲ್ಲಿ ಬಾಯಿಂದ ಸಾಕಷ್ಟು ನೀರು ಹೋಗುತ್ತಿದ್ದರೆ ಸರಿ. ಇಲ್ಲದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ. ಪಕ್ಕದ ಹಾಸಿಗೆಯವನಿಗೆ ನಳಿಗೆ ಇಳಿಸಿದ್ದನ್ನು ಮಾವ ಕಣ್ಣಾರೆ ನೋಡಿದ್ದಾರೆ. ಆ ಮಾತು ಎತ್ತಿದ ತಕ್ಷಣ ಕತ್ತರಿ ಶುರುವಾದದ್ದು ಮನೆ ತಲುಪುವ ತನಕ ನಿಲ್ಲಲಿಲ್ಲ.

ಆಡದೆ ಉಳಿದ ಮಾತು ಎಲ್ಲಾದರೂ ಹೋಗಬೇಕಲ್ಲ. ಅದಕ್ಕೆ ಈ ಡೈರಿ. ಫ್ಯಾಕ್ಟರಿಯವರು ವರ್ಷಕ್ಕೊಂದು ಕೊಡುತ್ತಾರೆ. ಹಿಂದಿನವೆಲ್ಲ ಮೇಜಿನ ಕುಂಟುಕಾಲಿನ ಕೆಳಗಿವೆ.

ಜನವರಿ 8, ಬುಧವಾರ

ಏನು ಕೆಲಸ ಅಂತ ಯಾರಾದರೂ ಕೇಳಿದರೆ ತೂತು ಕಾಯುವುದು ಅನ್ನುತ್ತೇನೆ. ಸುಳ್ಳಲ್ಲ. ನಮ್ಮದು ಕರೆಂಟ್ ಮಾಡುವ ಫ್ಯಾಕ್ಟರಿ. ಬೇರೆ ಕಡೆ ಕಲ್ಲಿದ್ದಲು ಉರಿದರೆ ಬೂದಿ ಉಳಿಯುತ್ತದೆ. ನಮ್ಮ ಫರ್ನೇಸಿನ ಬಿಸಿಗೆ ಬೂದಿಯೂ ಕರಗಿ ರಸವಾಗುತ್ತದೆ. ಅದಕ್ಕೆ ಕಿಟ್ಟ ಅನ್ನುತ್ತೇವೆ. ಕಿಟ್ಟ ತಳದ ತೂತಿನಿಂದ ಇಳಿದು ನೀರಿನ ತೊಟ್ಟಿಗೆ ಬಿದ್ದು, ಚಟಪಟ ಸಿಡಿದು, ಕಪ್ಪು ಗಾಜಿನ ಚೂರಾಗುತ್ತದೆ. ಹರಿಯುತ್ತಿದ್ದರೆ ಎಲ್ಲ ಚೆನ್ನ. ನಿಂತರೆ ಫರ್ನೇಸಿಗೆ ಹೊಟ್ಟೆ ಕಟ್ಟುತ್ತದೆ, ಆಗ ಮೇಸ್ತ್ರಿಯಿಂದ ಮ್ಯಾನೇಜರ್ ತನಕ ಎಲ್ಲರ ಮುಖವೂ ಹೊಟ್ಟೆ ಕಟ್ಟಿದವರ ಹಾಗೇ ಆಗುತ್ತದೆ.

ನನ್ನ ಕೆಲಸ ಕಿಂಡಿಯಲ್ಲಿ ನೋಡುವುದು, ಸಲಾಕೆ ಅದ್ದಿ ಎತ್ತುವುದು. ತುದಿಯಿಂದ ರಸ ಎಳೆಯಾಗಿ ಇಳಿದರೆ ಸರಿ. ಮುದ್ದೆಯಾಗಿ ಬಿದ್ದರೆ ಮೇಸ್ತ್ರಿಯನ್ನು ಕೂಗುವುದು. ಇಷ್ಟು ವರ್ಷದಲ್ಲಿ ಕಣ್ಣು ಪಳಗಿದೆ. ಬಾಯಿ ಮೊದಲೇ ಪಳಗಿತ್ತು. ಅದಕ್ಕೆ ಅಲ್ಲಿ ಎಲ್ಲರೂ ನನ್ನನ್ನು ರೇಡಿಯೋ ಅಂತ ಕರೆಯುತ್ತಾರೆ.

ಹಾಗಾಗಿ ಮನೆಯಲ್ಲಿ ಮಾವನ ನೀರಿನ ಹದ ನೋಡುವ ಕೆಲಸ ನಾನೇ ತೆಗೆದುಕೊಂಡೆ. ಹೆಂಡತಿ ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತಿದ್ದಳು, ಇಷ್ಟು ನೀರಿಗೆ ಇಷ್ಟು ಚಮಚ ಅಂತ.

"ಓದೋದು ಬೇಡ," ಅಂದೆ. "ಕಿಟ್ಟದ ಹದ ನೋಡೋನಿಗೆ ನೀರಿನ ಹದ ದೊಡ್ಡದಾ?"

ಅಡುಗೆಮನೆ ಕಿಟಕಿಯಲ್ಲಿ ಜೇನಿನ ಬಾಟಲಿ ಇದೆ. ಒಂದು ಚಮಚ ಜೇನು ಎತ್ತಿ ಸುರಿದು ನೋಡುವುದು. ಇನ್ನೊಂದು ಚಮಚದಿಂದ ನೀರು ಸುರಿದು ನೋಡುವುದು. ಎರಡೂ ಒಂದೇ ಥರ ಇಳಿಯುವ ತನಕ ಪುಡಿ ಹಾಕುವುದು. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಜಗ್ಗು ಮಾಡಿಡುತ್ತೇನೆ. ಅವಳು ಹೊಲಿಗೆ ಅಂಗಡಿಯಿಂದ ಮಧ್ಯಾಹ್ನ ಬಂದು ಕುಡಿಸುತ್ತಾಳೆ. ಅಳತೆಯ ಚಮಚ ಟೀ ಪುಡಿ ಡಬ್ಬಿಗೆ ಹೋಯಿತು. ಅಲ್ಲಿ ಅದರ ಅಗತ್ಯ ಇತ್ತು.

ಮಾವ ಇವತ್ತು ಒಂದು ಲೋಟ ಪೂರ್ತಿ ಕುಡಿದರು. ಕೆಮ್ಮಲಿಲ್ಲ. ನಾನು ಬಾಗಿಲ ಆಚೆ ನಿಂತು ನೋಡಿದೆ. ಚೀಟಿಯಲ್ಲಿ ನೋಡಬಾರದು ಅಂತ ಬರೆದಿಲ್ಲ.

ಜನವರಿ 12, ಭಾನುವಾರ

ಮಾವನಿಗೆ ಕ್ಷೌರ ಮಾಡಿದೆ. ಅವರದೇ ಮಡಚುವ ಕತ್ತಿ, ಅವರದೇ ಬ್ರಷ್ಷು, ಅವರದೇ ಗಡ್ಡ. ನನ್ನದು ಕೈ ಮಾತ್ರ, ಅದೇ ತೊಂದರೆಯಾದದ್ದು.

ಅವರ ಅಂಗಡಿಗೆ ನಾನು ಮೊದಲ ಸಲ ಹೋದ ದಿನವೂ ಹೀಗೇ. ಕುರ್ಚಿಯಲ್ಲಿ ಕೂತು ಜೋಕು ಹೇಳಿದೆ, ಬೆಂಚಿನವರೆಲ್ಲ ಬಿದ್ದು ಬಿದ್ದು ನಕ್ಕರು. ಇವರು ಮಾತ್ರ ಕಲ್ಲಿನ ಹಾಗೆ. "ಕತ್ತಿ ಕೈಯಲ್ಲಿದ್ದಾಗ ನಗಬಾರದು," ಅಂದರು. ಸರಿ, ಕತ್ತಿ ಇಡಲಿ ಅಂತ ಕಾದೆ. ಇಟ್ಟ ಮೇಲೂ ನಗಲಿಲ್ಲ. ಬೆಳಗಿನಿಂದ ಸಂಜೆ ತನಕ ನಗು ತಡೆದು ತಡೆದು, ಮನೆಗೆ ಬರುವಷ್ಟರಲ್ಲಿ ಅಭ್ಯಾಸ ತಪ್ಪಿ ಹೋಗಿರುತ್ತಿತ್ತು ಅಂತ ಕಾಣುತ್ತದೆ.

ಇವತ್ತು ನೊರೆ ಹಚ್ಚಿ, ಕತ್ತಿ ಹಿಡಿದು, ಬೋಳು ತಲೆಯವನು ಬಾಚಣಿಗೆ ಕೊಂಡ ಕಥೆ ಹೇಳಿದೆ. ಕೊನೆಯ ಸಾಲಿಗೆ ನನಗೇ ನಗು ಬಂತು. ದವಡೆಯ ಕೆಳಗೆ ಸಣ್ಣದಾಗಿ ಕೊಯ್ಯಿತು. ರಕ್ತ ಸಾಸಿವೆ ಕಾಳಿನಷ್ಟು. ಮಾವ ಕತ್ತರಿ ಬೆರಳು ತೋರಿಸಿದರು. ಈ ಸಲ ಅದು ಜೋಕಿಗೋ ಕ್ಷೌರಕ್ಕೋ ತಿಳಿಯಲಿಲ್ಲ.

ಜನವರಿ 15, ಬುಧವಾರ

ಫ್ಯಾಕ್ಟರಿಗೆ ಹೊಸ ಕಲ್ಲಿದ್ದಲು ಬಂದಿದೆ, ಬೇರೆ ಗಣಿಯದು. ಕಿಟ್ಟದ ನಡವಳಿಕೆ ಸರಿ ಇಲ್ಲ. ಒಳ್ಳೆ ಮನೆತನದ ರಸದ ಹಾಗೆ ಹರಿಯುತ್ತಾ ಇರುತ್ತದೆ, ಇದ್ದಕ್ಕಿದ್ದಂತೆ ಮುನಿಸು. ಮೀಟರಿನಲ್ಲಿ ಬಿಸಿ ಇದೆ, ತೂತಿನಲ್ಲಿ ಹರಿವಿಲ್ಲ.

ಮೇಸ್ತ್ರಿಯದು ಒಂದೇ ಔಷಧಿ, ಸುಣ್ಣದಕಲ್ಲು. ಕಲ್ಲಿದ್ದಲಿನ ಜೊತೆ ಸುಣ್ಣದಕಲ್ಲು ಬೆರೆಸಿದರೆ ಕಿಟ್ಟ ತೆಳ್ಳಗಾಗುತ್ತದೆ. ಎಷ್ಟೋ ವರ್ಷದಿಂದ ಹಾಗೇ ನಡೆದಿದೆ.

ಲ್ಯಾಬ್ ಮೇಡಂ ಕೆಳಗಿಳಿದು ಬಂದು, "ಸುಣ್ಣ ಜಾಸ್ತಿ ಮಾಡ್ಬೇಡಿ, ಕಡಿಮೆ ಮಾಡಿ," ಅಂದರು.

"ಕಟ್ಕೊಂಡಿರೋದು ನೀವು ನೋಡಿದ್ರಾ ಮೇಡಂ?" ಅಂದ ಮೇಸ್ತ್ರಿ. "ಕಟ್ಟಿದಾಗ ಔಷಧಿ ಕಡಿಮೆ ಮಾಡ್ತಾರಾ ಯಾರಾದ್ರೂ?"

"ಮೇಡಂಗೆ ಸುಣ್ಣ ಅಂದ್ರೆ ಭಯ. ಚಿಕ್ಕಂದಿನಲ್ಲಿ ಯಾರೋ ಗೋಡೆ ಜೊತೆ ಇವರಿಗೂ ಬಳಿದಿರಬೇಕು," ಅಂತ ನಾನು ಒಗ್ಗರಣೆ ಹಾಕಿದೆ. ಎಲ್ಲರೂ ನಕ್ಕರು. ಮೇಡಂ ಕಿಟ್ಟದ ಒಂದು ಚೂರು ಎತ್ತಿಕೊಂಡು ಹೋದರು. ಮೇಸ್ತ್ರಿ ಸುಣ್ಣ ಹೆಚ್ಚಿಸಿದ.

ಜನವರಿ 17, ಶುಕ್ರವಾರ

ಮಾವ ಅರ್ಧ ಲೋಟಕ್ಕೇ ಮುಖ ತಿರುಗಿಸುತ್ತಿದ್ದಾರೆ.

"ರೀ, ನೀರು ಗಟ್ಟಿ ಆಯ್ತೇನೋ ನೋಡಿ," ಅಂದಳು ಹೆಂಡತಿ.

ಅವಳೆದುರೇ ಎರಡು ಚಮಚ ಎತ್ತಿ ಸುರಿದು ತೋರಿಸಿದೆ. ಜೇನು ಹೇಗೋ ನೀರೂ ಹಾಗೇ. ಅಣ್ಣತಮ್ಮಂದಿರ ಹಾಗಿದ್ದವು. ಅವಳು ಒಪ್ಪಿಕೊಂಡಳು. ಸಾಕ್ಷಿ ಎದುರಿಗಿದ್ದಾಗ ಇನ್ನೇನು ಮಾಡುತ್ತಾಳೆ?

ಜೇನು ಮಾತ್ರ ಸ್ವಲ್ಪ ಬೆಳ್ಳಗಾಗಿದೆ. ಅಂಗಡಿಯವನು ಸಕ್ಕರೆ ಬೆರೆಸಿದ್ದಾನೆ, ಬೇರೆ ಮಾತೇ ಇಲ್ಲ. ಸಿಕ್ಕಲಿ, ವಿಚಾರಿಸಿಕೊಳ್ಳುತ್ತೇನೆ. ಈ ವರ್ಷ ಚಳಿಯೂ ಜಾಸ್ತಿ. ಬೆಳಗ್ಗೆ ಅಡುಗೆಮನೆಯಲ್ಲಿ ಬಾಯಿ ತೆರೆದರೆ ಹೊಗೆ ಬರುತ್ತದೆ.

ಜನವರಿ 20, ಸೋಮವಾರ

ಮಾವನಿಗೆ ಬೇಜಾರಾಗಿದೆ ಅಂತ ತೀರ್ಮಾನ ಮಾಡಿ, ಊಟದ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಜೋಕು ಶುರು ಮಾಡಿದೆ. ಅಂಗಡಿ ಬೆಂಚು ನಗಿಸಿದ ಹಳೇ ಸರಕು ಪೂರ್ತಿ ಖಾಲಿ ಮಾಡಿದೆ. ಅವರು ಗೋಡೆ ನೋಡುತ್ತಿದ್ದರು. ಗೋಡೆಯೂ ನಗಲಿಲ್ಲ.

ಜನವರಿ 22, ಬುಧವಾರ

ಲೋಟ ಕಂಡರೇ ಕತ್ತರಿ. ಚಮಚ ತುಟಿಗೆ ತಾಗಿಸಿದರೆ ಕಣ್ಣು ಮುಚ್ಚುತ್ತಾರೆ. ತುಟಿ ಒಡೆದಿದೆ. ಒದ್ದೆ ಬಟ್ಟೆ ಒತ್ತುತ್ತಿದ್ದೇವೆ.

ಹೆಂಡತಿ ಇಸ್ತ್ರಿ ಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಅಪ್ಪನಿಗೆ ಸಾಕಾಗಿದೆ ಕಣ್ರೀ. ಅಮ್ಮನೂ ಕೊನೇಲಿ ಹೀಗೇ ನೀರು ಬೇಡ ಅಂದ್ಲು."

ಅದೇ ಅಂಗಿಗೆ ಅವಳು ಎರಡನೇ ಸಲ ಇಸ್ತ್ರಿ ಹಾಕಿದಳು.

ಜನವರಿ 23, ಗುರುವಾರ

ಮೂರು ಚಮಚ.

ಜನವರಿ 24, ಶುಕ್ರವಾರ

ಹೆಂಡತಿ ನುಂಗುಮೇಡಂಗೆ ಫೋನ್ ಮಾಡಿದಳು. ತಿಂಗಳ ಕೊನೆ ತನಕ ಕಾಯುವುದು ಬೇಡ, ಸೋಮವಾರವೇ ಕರೆದುಕೊಂಡು ಬನ್ನಿ, ಅಷ್ಟರೊಳಗೆ ಉಚ್ಚೆ ಹೋಗುವುದು ತೀರಾ ಕಡಿಮೆಯಾದರೆ ಆಗಲೇ ಓಡಿ ಬನ್ನಿ, ನಳಿಗೆಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ ಅಂದರಂತೆ. ಮಾವ ಕೋಣೆಯಿಂದ ಕೇಳಿಸಿಕೊಂಡರು ಅಂತ ಕಾಣುತ್ತದೆ. ಬೆರಳು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಫ್ಯಾಕ್ಟರಿಯಲ್ಲಿ ಮೇಸ್ತ್ರಿ, "ಏನ್ ರೇಡಿಯೋ, ಬ್ಯಾಟರಿ ಮುಗೀತಾ? ಬೆಳಗ್ಗೆಯಿಂದ ಒಂದು ಸದ್ದಿಲ್ಲ," ಅಂದ. ಹೌದಾ? ನನಗೆ ಗೊತ್ತಾಗಲಿಲ್ಲ.

ಜನವರಿ 25, ಶನಿವಾರ

ಇವತ್ತಿನದು ಉದ್ದ ಇದೆ.

ತೂತು ಪೂರ್ತಿ ಕಟ್ಟಿತು. ಸಲಾಕೆ ಹಾಕಿದರೆ ಠಣ್ ಅನ್ನುತ್ತದೆ. ಫರ್ನೇಸ್ ಬೆಂಕಿ ಇಳಿಸಿದರು. ಮ್ಯಾನೇಜರ್ ಬಂದ, ಮೇಸ್ತ್ರಿ ಬೆವರಿದ. ಲ್ಯಾಬ್ ಮೇಡಂ ಮತ್ತೆ ಇಳಿದು ಬಂದರು. ಕೈಯಲ್ಲಿ ಎರಡು ಚೂರು. ಒಂದು ತೊಟ್ಟಿಯದು, ಕಪ್ಪಗೆ ಬಾಟಲಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ತೂತಿನ ಅಂಚಿನಿಂದ ಕಿತ್ತದ್ದು, ಬೂದು ಬಣ್ಣ, ಮಂಕು, ಮುರಿದ ಕಡೆ ಕಲ್ಲಿನ ಹಾಗೆ ಕಾಳುಕಾಳು.

"ಎರಡೂ ಒಂದೇ ಕಿಟ್ಟ," ಅಂದರು.

"ಹಾಗಾದ್ರೆ ಇದು ತಣ್ಣಗಾಗಿದೆ ಮೇಡಂ. ತಣ್ಣಗಾದ್ರೆ ಗಟ್ಟಿ," ಅಂದೆ.

"ತಣ್ಣಗಾಗಿದ್ದು ಸ್ವಲ್ಪವೇ. ಆ ಬಿಸಿಗೆ ಇದಿನ್ನೂ ಹರೀಬೇಕಿತ್ತು. ಆದ್ರೆ ಒಳಗೆ ಹರಳು ಹುಟ್ಟಿದೆ."

"ಹರಳು ಅಂದ್ರೆ ಉಂಗುರಕ್ಕೆ ಹಾಕೋದಾ?"

"ಹಾಕ್ಕೊಳ್ಳಿ, ಬೆರಳು ಸುಡುತ್ತೆ." ಮೇಡಂ ನನಗಿಂತ ಕಡಿಮೆ ಇಲ್ಲ. "ರಸ ಸ್ವಲ್ಪ ಬಿಸಿ ಕಳ್ಕೊಂಡು ಅಲ್ಲೇ ಅಂಚಲ್ಲಿ ನಿಂತ್ರೆ, ಒಳಗೆ ಸಣ್ಣ ಸಣ್ಣ ಹರಳು ಕಟ್ಟುತ್ತೆ. ಒಂದೆರಡು ಇದ್ರೆ ಗೊತ್ತೇ ಆಗಲ್ಲ, ಹರೀತಾನೇ ಇರುತ್ತೆ. ಜಾಸ್ತಿ ಆಗಿ ಒಂದಕ್ಕೊಂದು ತಾಗಿದ್ವೋ, ಮುಗೀತು. ರಸ ಹೋಗಿ ಗಾರೆ. ನೀರಿಗೆ ಬಿದ್ದದ್ದು ದಿಢೀರ್ ತಣಿಯುತ್ತೆ, ಹರಳು ಕಟ್ಟೋಕೆ ಪುರುಸೊತ್ತೇ ಇರಲ್ಲ. ಅದಕ್ಕೇ ಗಾಜು."

"ಮತ್ತೆ ಸುಣ್ಣ?" ಅಂದ ಮೇಸ್ತ್ರಿ. ದನಿ ಸಣ್ಣಗಾಗಿತ್ತು.

"ಸ್ವಲ್ಪ ಇದ್ರೆ ತೆಳ್ಳಗಾಗುತ್ತೆ, ನಿಜ. ಈ ಕಲ್ಲಿದ್ದಲಿಗೆ ನೀವು ಹಾಕಿದಷ್ಟು ಹಾಕಿದ್ರೆ ಹರಳು ಬೇಗ ಕಟ್ಟುತ್ತೆ. ಔಷಧಿನೇ ಊಟ ಮಾಡ್ಸಿದೀರಿ ಅದಕ್ಕೆ."

"ಹೊರಗಿಂದ ನೋಡಿದ್ರೆ ಗೊತ್ತಾಗಲ್ವಾ ಮೇಡಂ?" ಅಂತ ಕೇಳಿದೆ.

"ಮಂಕಾಗುತ್ತೆ. ಬಣ್ಣ ಬೆಳ್ಳಗಾಗುತ್ತೆ. ದಿನಾ ನೋಡೋರಿಗೇ ಕಾಣಿಸಲ್ಲ ಅದು."

ಮೇಡಂ ಹೇಳಿದ ಹಾಗೆ ಸುಣ್ಣ ಇಳಿಸಿದರು, ಹಳೇ ಕಲ್ಲಿದ್ದಲು ಬೆರೆಸಿದರು, ತೂತಿನ ಬಾಯಿಗೆ ಗ್ಯಾಸಿನ ಬೆಂಕಿ ಕೊಟ್ಟರು. ನನ್ನ ಪಾಳಿ ಮುಗಿಯುವ ಹೊತ್ತಿಗೆ ಒಂದು ಹನಿ ಇಳಿಯಿತು. ಹಿಂದೆ ಇನ್ನೊಂದು. ಆಮೇಲೆ ಎಳೆ. ಸುಣ್ಣದ ಜೋಕಿಗೆ ಮೇಡಂ ಹತ್ತಿರ ಏನಾದರೂ ಹೇಳೋಣ ಅಂತ ಹೋದೆ. ಅವರು ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಡುವ ತನಕ ಕಾದು, ತಪ್ಪಾಯಿತು ಅಂದೆ. "ಗೋಡೆ ಜೊತೆ ನನಗೂ ಬಳಿದದ್ದು ನಮ್ಮಪ್ಪನೇ," ಅಂದರು.

ಮನೆಗೆ ಬಂದು ಮಾವನ ನೀರು ಮಾಡಲು ನಿಂತೆ. ಜೇನಿನ ಬಾಟಲಿ ಎತ್ತಿದೆ. ಮಂಕು. ಬೆಳ್ಳಗೆ.

ಬಾಟಲಿ ಓರೆ ಮಾಡಿದೆ. ಜೇನು ಓರೆಯಾಗಲಿಲ್ಲ. ಚಮಚ ಚುಚ್ಚಿದೆ, ಚಮಚ ನಿಂತಿತು. ಚೂರು ತೆಗೆದು ಎರಡು ಬೆರಳಿನ ಮಧ್ಯೆ ತಿಕ್ಕಿದೆ. ಮರಳಿನ ಹಾಗೆ ಕಾಳುಕಾಳು.

ಚಳಿಗೆ, ಕಿಟಕಿಯಲ್ಲಿ, ದಿನಾ ಸ್ವಲ್ಪ ಸ್ವಲ್ಪ ಹರಳು ಕಟ್ಟಿದೆ. ಅಂಗಡಿಯವನದು ಏನೂ ತಪ್ಪಿಲ್ಲ. ಜೇನು ದಿನಾ ಒಂದಿಷ್ಟು ಗಟ್ಟಿಯಾಗಿದೆ, ನಾನು ದಿನಾ ಅದಕ್ಕೆ ಸರಿಯಾಗಿ ಒಂದಿಷ್ಟು ಪುಡಿ ಹೆಚ್ಚಿಸಿದ್ದೇನೆ. ಇವತ್ತು ಬೆಳಗ್ಗೆ ಎರಡೂ ಚಮಚದಿಂದ ಮುದ್ದೆಯಾಗಿ ಬಿದ್ದಿದ್ದವು, ಎರಡೂ ಒಂದೇ ಥರ ಬಿದ್ದವು ಅಂತ ಜಗ್ಗು ಮುಚ್ಚಿಟ್ಟು ಕೆಲಸಕ್ಕೆ ಹೋಗಿದ್ದೆ.

ಬೆಳಗಿನ ಜಗ್ಗು ಹಾಗೇ ಇತ್ತು. ಒಂದು ಚಮಚ ನಾನೇ ಬಾಯಿಗೆ ಹಾಕಿಕೊಂಡೆ. ಇಷ್ಟು ದಿನದಲ್ಲಿ ಇದೇ ಮೊದಲು. ನಾಲಿಗೆಗೆ ಮೆತ್ತಿಕೊಂಡಿತು, ಅಂಗುಳಕ್ಕೆ ಅಂಟಿತು, ಗಂಟಲ ಹತ್ತಿರ ಬಂದು ಕೂತಿತು. ಗಟ್ಟಿಮುಟ್ಟಾದ ಗಂಟಲು ನನ್ನದು. ಎರಡು ಸಲ ಪ್ರಯತ್ನ ಪಟ್ಟು, ಸಿಂಕಿಗೆ ಉಗುಳಿದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಏನಾಯ್ತು?"

"ಅಪ್ಪನಿಗೆ ಸಾಕಾಗಿಲ್ಲ ಕಣೇ," ಅಂದೆ. "ನಾನು ಅವರಿಗೆ ಗಾರೆ ಕುಡಿಸ್ತಿದ್ದೆ."

ಬಾಟಲಿ ತೋರಿಸಿದೆ. ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂತ ಕಾದೆ. ಅವಳು ಟೀ ಪುಡಿ ಡಬ್ಬಿ ತೆರೆದು, ಅಳತೆಯ ಚಮಚ ತೆಗೆದು, ತೊಳೆದು, ಒರೆಸಿ, ನನ್ನ ಕೈಗಿಟ್ಟಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಡಬ್ಬಿಯ ಮೇಲೆ ಬರೆದದ್ದನ್ನು ಅವಳು ಓದಿದಳು, ನಾನು ಅಳೆದು ಹಾಕಿದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದೆವು. ಸ್ವಲ್ಪ ಹೊತ್ತಿಗೆ ಅಂಚಿನಿಂದ ತಿಳಿಯಾಗುತ್ತಾ ಬಂತು. ಓರೆ ಮಾಡಿದರೆ ಓರೆಯಾಯಿತು. ಸುರಿದು ನೋಡಿದೆ. ಅಳತೆಯ ನೀರು, ಕರಗಿದ ಜೇನು, ಎರಡೂ ಎಳೆಯಾಗಿ ಇಳಿದವು.

ಮಾವನ ಹತ್ತಿರ ಹೋದೆವು. ಲೋಟ ಕಂಡ ತಕ್ಷಣ ಬೆರಳು ಎದ್ದಿತು. ನಾನು ಅವರಿಗೆ ಕಾಣುವ ಹಾಗೆ ಚಮಚ ಎತ್ತಿ, ಲೋಟಕ್ಕೇ ಸುರಿದು ತೋರಿಸಿದೆ. ಅವರು ಎಳೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಎಳೆಯನ್ನು ನೋಡಿದರು. ಬೆರಳು ಕೆಳಗಿಳಿಯಿತು.

ಮೊದಲ ಚಮಚ. ಗಂಟಲಿನ ಗಂಟು ಮೇಲೆ ಹೋಯಿತು, ನಿಂತಿತು, ಕೆಳಗೆ ಬಂತು. ಎರಡನೆಯದು. ಮೂರನೆಯದು. ಕಿಂಡಿಯಲ್ಲಿ ಕಿಟ್ಟ ನೋಡುವಾಗಲೂ ನಾನು ಹಾಗೆ ನೋಡಿದ್ದಿಲ್ಲ. ಲೋಟ ಖಾಲಿಯಾದ ಮೇಲೆ ಅವರು ಬಾಯಿ ಮುಚ್ಚಲಿಲ್ಲ. ಇನ್ನೂ ಬೇಕಿತ್ತು.

ಹೆಂಡತಿ ಎದ್ದು ಹೋಗಿ ಅಡುಗೆಮನೆಯಲ್ಲಿ ಅತ್ತಳು. ನಾನು ಇನ್ನೊಂದು ಲೋಟ ಅಳೆದೆ.

ಜನವರಿ 27, ಸೋಮವಾರ

ಆಸ್ಪತ್ರೆ. ನುಂಗುಮೇಡಂ ಕೊರಳ ಮೇಲೆ ಬೆರಳಿಟ್ಟು ನುಂಗಿಸಿ ನೋಡಿದರು. ಎರಡು ದಿನದಲ್ಲಿ ಎಷ್ಟು ಕುಡಿದರು ಅಂತ ಕೇಳಿದರು. ಹೆಂಡತಿ ಹೇಳಿದಳು. ನಳಿಗೆ ಸದ್ಯಕ್ಕೆ ಬೇಡ ಅಂದರು. ಮಾವ ಎಡಗೈ ಹೊದಿಕೆಯೊಳಗೆ ಇಟ್ಟುಕೊಂಡರು.

"ಮಧ್ಯದಲ್ಲಿ ಯಾಕೆ ಕುಡೀತಿರಲಿಲ್ಲ?" ಅಂತ ಮೇಡಂ ಕೇಳಿದರು. ಜೇನಿನ ವಿಷಯ ಹೇಳಿದೆ. ಇನ್ನು ಮೇಲೆ ಯಾರಿಗೂ ಜೇನಿನ ಹದ ಅಂತ ಬರೀ ಬಾಯಲ್ಲಿ ಹೇಳುವುದಿಲ್ಲ ಅಂದರು. ದಾರಿಯಲ್ಲಿ ಹೆಂಡತಿ ನನ್ನ ತೋಳು ಹಿಡಿದುಕೊಂಡು ನಡೆದಳು. ಚಳಿ ಇತ್ತು.

ಫೆಬ್ರವರಿ 2, ಭಾನುವಾರ

ಮಾವನಿಗೆ ಕ್ಷೌರ. ಗಡ್ಡ ಸಿಕ್ಕಾಪಟ್ಟೆ ಬೆಳೆದಿತ್ತು. ನೊರೆ ಚೆನ್ನಾಗಿ ಕಡೆದು, ದಪ್ಪಗೆ ಹಚ್ಚಿದೆ. ಕಣ್ಣು, ಮೂಗು ಬಿಟ್ಟರೆ ಉಳಿದದ್ದೆಲ್ಲ ಬಿಳಿ. ಕತ್ತಿ ಬಿಚ್ಚಿ, ತಲೆ ಹಿಂದಕ್ಕೆ ವಾಲಿಸಿ, ಕಿವಿಯ ಹತ್ತಿರದಿಂದ ಇಳಿಸುತ್ತಾ ಬಂದೆ. ಮಾತಾಡಲಿಲ್ಲ. ದವಡೆಯ ಕೆಳಗಿನ ಹಳೇ ಗಾಯ ಬಳಸಿ, ಕೊರಳಿಗೆ ಬಂದೆ. ಆ ಗಂಟಿನ ಹತ್ತಿರ ಕತ್ತಿ ಇಟ್ಟಿದ್ದೆ.

ಆಗ ಮಾವನ ತುಟಿ ಅಲುಗಿತು. ಮಾತು ಒಂದೊಂದೇ ವಾಪಸ್ ಬರುತ್ತಿದೆ ಈಗ. ಬರುವಾಗ ಕಾಲೆಳೆದುಕೊಂಡು ಬರುತ್ತದೆ.

"ಇದನ್ನೂ..." ಅಂದರು. ನೊರೆಯ ಬಟ್ಟಲಿನ ಕಡೆ ಕಣ್ಣು ಹೊರಳಿಸಿ, "...ಕುಡೀಬೇಕಾ?"

ಕೈ ಅಲುಗಲಿಲ್ಲ. ಗಂಟು ದಾಟುವ ತನಕ ಎಳೆದೆ. ಕತ್ತಿ ಎತ್ತಿದೆ, ಒರೆಸಿದೆ, ಮಡಚಿದೆ, ತಟ್ಟೆಯಲ್ಲಿಟ್ಟೆ. ಅವರ ಬಾಯಲ್ಲಿ ಏನೂ ಇಲ್ಲ ಅಂತ ಬಗ್ಗಿ ನೋಡಿಕೊಂಡೆ. ಆಮೇಲೆ ನಕ್ಕೆ.

ನಕ್ಕು ತಲೆ ಎತ್ತಿದರೆ ನೊರೆ ನಡುಗುತ್ತಿದೆ. ಒಳಗಿನಿಂದ ಒಂದು ಸದ್ದು ಬಂತು, ಬಹಳ ದಿನ ಹಾಕಿಟ್ಟ ಬಾಗಿಲು ತೆಗೆದ ಹಾಗೆ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, ಅಪ್ಪನಿಗೆ ಉಸಿರು ಕಟ್ಟಿತು ಅಂತ ಬೆನ್ನಿಗೆ ದಬದಬ ಗುದ್ದತೊಡಗಿದಳು. ಆ ಸದ್ದು ಅವಳೂ ಕೇಳಿದ್ದಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ಬಿಡೇ, ನಗ್ತಿದಾರೆ."

ಅವಳು ನಂಬಲಿಲ್ಲ. ನಿಂತು ನೋಡಿದಳು. ನಾನೂ ನೋಡಿದೆ.

ಹಲ್ಲಿವೆ. ಮೇಲೆ ಪೂರ್ತಿ, ಕೆಳಗೆ ಎರಡು ಕಡಿಮೆ.